ಅಪ್ಪಯ್ಯನ ಆಫ್ರಿಕಾ, ಮೊಟ್ಟೆಯ ಪ್ರಶ್ನೆ

ಟೂರಿನವರ ಜೊತೆ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಟೂರಿನವರ ಜೊತೆ ಬರುವುದಿಲ್ಲ ಎಂದು ಹಟ ಹಿಡಿದವರು ಅಪ್ಪಯ್ಯನೇ.

ಇಸವಿ ಎರಡು ಸಾವಿರ ದಾಟಿ ಎರಡು ಮೂರು ವರ್ಷವಾಗಿತ್ತು. ಚೆನ್ನೈನ ಪುರಸೈವಾಕ್ಕಂನಲ್ಲಿದ್ದ ನಮ್ಮ ಹೋಟೆಲನ್ನು ಅಪ್ಪಯ್ಯ ಆಗಷ್ಟೇ ಚಿಕ್ಕಪ್ಪನ ಕೈಗೆ ಒಪ್ಪಿಸಿದ್ದರು. ಉಡುಪಿ ಕಡೆಯಿಂದ ಬಂದು ನಲವತ್ತು ವರ್ಷ ಅದೇ ಗಲ್ಲಾದಲ್ಲಿ ಕೂತವರು. ಗಲ್ಲಾದ ಎದುರು ಗೋಡೆಯ ಮೇಲೊಂದು ಟಿವಿ ಬಂದ ಮೇಲೆ ಅದರಲ್ಲಿ ಯಾವಾಗಲೂ ಪ್ರಾಣಿಗಳ ಚಾನೆಲ್. ಗಿರಾಕಿಗಳು ಕ್ರಿಕೆಟ್ ಹಾಕಿ ಎಂದು ಗೋಗರೆದರೂ ಕೇಳುತ್ತಿರಲಿಲ್ಲ. ಕೀನ್ಯಾದಲ್ಲಿ ಮಂದೆ ಮಂದೆ ಕಾಡುದನಗಳು ಮೊಸಳೆಗಳಿರುವ ಹೊಳೆ ದಾಟುವುದನ್ನು ತೋರಿಸುತ್ತಾರಲ್ಲ, ದಡಕ್ಕೆ ಬಂದು, ಹೆದರಿ, ಹಿಂದೆ ಸರಿದು, ಒಂದು ಹಾರಿದ್ದೇ ತಡ ಎಲ್ಲವೂ ಹಾರುವುದು, ಅದು ಬಂದಾಗ ಮಾತ್ರ ಚಿಲ್ಲರೆ ಕೊಡುವುದನ್ನೂ ಮರೆತು ನೋಡುತ್ತಿದ್ದರು. ಹೋಟೆಲು ಬಿಟ್ಟ ಮೇಲೆ ನಿಮಗೇನು ಬೇಕು ಎಂದು ನಾನು ಕೇಳಿದಾಗ ಹೇಳಿದ್ದೂ ಅದೊಂದನ್ನೇ.

"ಆ ಹೊಳೆ ಒಮ್ಮೆ ಕಣ್ಣಾರೆ ನೋಡ್ಬೇಕು ಮಾರಾಯ್ತಿ."

ಅಮ್ಮ ಮೊದಲೇ ಕೈ ತೊಳೆದುಕೊಂಡಳು. "ಸಿಂಹ ದನ ಹಿಡಿಯೋದನ್ನು ಅಲ್ಲಿವರೆಗೆ ಹೋಗಿ ನೋಡ್ಲಿಕ್ಕೆ ನನಗೆಂತ ಹುಚ್ಚಾ? ನೀವಿಬ್ಬರೇ ಹೋಗಿ ಬನ್ನಿ," ಎಂದಳು.

ಟೂರಿನವರ ಜಾಹೀರಾತನ್ನು ನಾನೇ ತಂದು ತೋರಿಸಿದೆ. ಅಡುಗೆಯವರು ಜೊತೆಗೇ ಬರುತ್ತಾರೆ, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಸಾಂಬಾರು ಅನ್ನ ಎಂದು ದಪ್ಪ ಅಕ್ಷರದಲ್ಲಿತ್ತು. ಅಪ್ಪಯ್ಯ ಅದನ್ನು ಓದಿ ಮಡಚಿ ನನ್ನ ಕೈಗೇ ಕೊಟ್ಟರು. "ನಲವತ್ತು ವರ್ಷ ಆ ವಾಸನೆಯಲ್ಲೇ ಕಳೆದೆ. ಆನೆ ನೋಡ್ಲಿಕ್ಕೆ ಹೋಗಿಯೂ ಇಡ್ಲಿ ತಿನ್ಬೇಕಾ?"

ಹಾಗಾಗಿ ಎಲ್ಲವೂ ನನ್ನ ತಲೆಗೆ ಬಂತು. ಸುಳ್ಳು ಹೇಳುವುದೇಕೆ, ನನಗೆ ಖುಷಿಯೇ ಆಯಿತು. ಯಾವ ಕೆಲಸವನ್ನೂ ಇನ್ನೊಬ್ಬರಿಗೆ ಬಿಟ್ಟುಕೊಡದ ಜಾತಿ ನಾನು. ಆಫೀಸು ಮುಗಿಸಿ ಪ್ರತಿ ಸಂಜೆ ಮನೆ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಕೂರುತ್ತಿದ್ದೆ. ಯಾವ ತಿಂಗಳು ಮಂದೆ ಎಲ್ಲಿರುತ್ತದೆ, ಮಳೆ ಯಾವಾಗ, ವೀಸಾಕ್ಕೆ ಎಷ್ಟು ದಿನ, ಎಲ್ಲವನ್ನೂ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಕೊನೆಗೆ ನೈರೋಬಿಯ ಒಬ್ಬ ಹೆಂಗಸು ಸಿಕ್ಕಳು. ಅವಳ ಹತ್ತಿರ ಒಂದು ಜೀಪು, ಹೊಳೆಯ ಸಮೀಪ ನಾಲ್ಕು ಡೇರೆ. ಮೂರು ತಿಂಗಳು ನಮ್ಮಿಬ್ಬರ ನಡುವೆ ಇ-ಮೇಲು ಓಡಾಡಿತು. ಜೀಪಿನ ಬಗ್ಗೆ ಎರಡು ಸಾಲು ಬರೆದರೆ ಊಟದ ಬಗ್ಗೆ ಹತ್ತು ಸಾಲು. ಅಪ್ಪಯ್ಯನಿಗೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆಯಂತೂ ಬೇಡವೇ ಬೇಡ ಎಂದು ಪ್ರತಿ ಸಲವೂ ದೊಡ್ಡ ಅಕ್ಷರಗಳಲ್ಲಿ ಹೊಡೆಯುತ್ತಿದ್ದೆ. ನಿಮ್ಮ ಬ್ರೆಡ್ಡಿನಲ್ಲಿ ಮೊಟ್ಟೆ ಇದೆಯೇ, ಬಾಣಲೆ ಬೇರೆಯೇ ಎಂದೂ ಕೇಳಿದೆ. ಪಾಪ, ಎಲ್ಲದಕ್ಕೂ ಸಮಾಧಾನದಿಂದ ಉತ್ತರ ಬರೆದಳು. ಒಂದು ಸಲ ಮಾತ್ರ, ಹಾಗಾದರೆ ನಿಮ್ಮ ತಂದೆ ತಿನ್ನುವುದಾದರೂ ಏನನ್ನು ಎಂದು ಕೇಳಿದಳು.

ಇಷ್ಟು ಜಾಣತನ ಮಾಡಿದವಳು ಒಂದು ಕಡೆ ಎಡವಿದೆ. ಆಫ್ರಿಕಾಕ್ಕೆ ಹೋಗುವವರು ಹಳದಿ ಜ್ವರದ ಸೂಜಿ ಹಾಕಿಸಿಕೊಳ್ಳಬೇಕು ಎಂದು ಗೊತ್ತಿತ್ತು. ಆದರೆ ಅದನ್ನು ಯಾವ ಕ್ಲಿನಿಕ್ಕಿನಲ್ಲಾದರೂ, ಯಾವ ದಿನವಾದರೂ ಹಾಕುತ್ತಾರೆ ಎಂದುಕೊಂಡಿದ್ದೆ. ವಿಚಾರಿಸಿದಾಗಲೇ ತಿಳಿದದ್ದು: ಊರಿನ ಸರ್ಕಾರಿ ಕೇಂದ್ರದಲ್ಲಿ ಮಾತ್ರ, ಅದೂ ವಾರಕ್ಕೊಂದೇ ದಿನ. ಸೂಜಿ ಹಾಕಿಸಿ ಹತ್ತು ದಿನ ಕಳೆದ ಮೇಲೆಯೇ ಅವರು ಕೊಡುವ ಹಳದಿ ಕಾರ್ಡಿಗೆ ಬೆಲೆ. ಆ ವಾರದ ಸೂಜಿಯ ದಿನದಿಂದ ನಮ್ಮ ವಿಮಾನಕ್ಕೆ ಉಳಿಯುತ್ತಿದ್ದದ್ದು ಹನ್ನೆರಡೇ ದಿನ. ಆ ವಾರ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಇನ್ನೊಮ್ಮೆ ರಜೆ ಸಿಗುವಷ್ಟರಲ್ಲಿ ಮಂದೆ ಹೊಳೆ ದಾಟಿ ಹೋಗಿರುತ್ತದೆ.

ಆ ದಿನ ಬೆಳಿಗ್ಗೆ ಎಂಟಕ್ಕೇ ಹೋಗಿ ಸಾಲಿನಲ್ಲಿ ನಿಂತೆವು. ಮುಂದೆ ಹಡಗಿನ ಕೆಲಸಕ್ಕೆ ಹೋಗುವ ಹುಡುಗರು, ಹಿಂದೆ ಇಬ್ಬರು ನರ್ಸುಗಳು. ಪ್ರಾಣಿ ನೋಡಲು ಹೋಗುತ್ತಿದ್ದವರು ನಾವಿಬ್ಬರೇ. ಮೇಜಿನ ಹಿಂದಿದ್ದ ಡಾಕ್ಟರಮ್ಮ ಫಾರಂ ನೋಡುತ್ತಾ ಕೇಳಿದರು:

"ಮುಟ್ಟೈ ಸಾಪ್ಟಾ ಒತ್ತುಕ್ಕುಮಾ?"

ಮೊಟ್ಟೆ ತಿಂದರೆ ಮೈಗೆ ಒಗ್ಗುತ್ತದೆಯೇ ಎಂದು. ನನ್ನದು ಸಲೀಸಾಗಿ ಮುಗಿಯಿತು. ಆಫೀಸಿನ ಹುಟ್ಟುಹಬ್ಬಗಳಲ್ಲಿ ಕೇಕು ತಿಂದವಳು ನಾನು, ಏನೂ ಆಗಿಲ್ಲ ಎಂದೆ. ಅಪ್ಪಯ್ಯನ ಸರದಿ ಬಂದಾಗ ಅವರು ಬಾಯಿ ತೆರೆಯುವ ಮೊದಲೇ ನಾನು ಎದೆಯುಬ್ಬಿಸಿ ಹೇಳಿಬಿಟ್ಟೆ: ನಮ್ಮದು ವೆಜಿಟೇರಿಯನ್ ಹೋಟೆಲು, ಇವರು ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ, ಕೇಕು ಕೂಡ ತಿನ್ನುವುದಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಈ ಔಷಧ ಮೊಟ್ಟೆಯಲ್ಲೇ ತಯಾರಾಗುವಂಥದ್ದು, ತಿಂದವರಾದರೆ ಅವರಿಗೇ ಗೊತ್ತಿರುತ್ತದೆ, ಒಮ್ಮೆಯೂ ತಿನ್ನದವರ ಮೈ ಏನು ಮಾಡುತ್ತದೋ ನಾನು ಹೇಗೆ ಹೇಳಲಿ ಎಂದರು. ಅಲರ್ಜಿ ಪರೀಕ್ಷೆ ಮಾಡಿಸಿ, ಚೀಟಿ ಹಿಡಿದುಕೊಂಡು ಮುಂದಿನ ವಾರ ಬನ್ನಿ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮುಂದಿನ ವಾರವೆಂದರೆ ವಿಮಾನಕ್ಕೆ ಐದು ದಿನ. ಮೂರು ತಿಂಗಳ ನೋಟುಬುಕ್ಕು, ಜೀಪು, ಡೇರೆ, ಅಪ್ಪಯ್ಯನ ಹೊಳೆ, ಎಲ್ಲವೂ ನಾನು ಆಡಿದ ಒಂದು ಮಾತಿಗೆ ಸಿಕ್ಕಿಕೊಂಡಿತ್ತು. ಅಳು ಬಂತು. ಡಾಕ್ಟರಮ್ಮನ ಎದುರು ಬೇಡಿಕೊಳ್ಳಲು ಶುರುಮಾಡಿದೆ.

ಆಗ ಅಪ್ಪಯ್ಯ ನನ್ನ ಕಡೆ ನೋಡದೆ, ಮೇಜಿನ ಅಂಚನ್ನೇ ನೋಡುತ್ತಾ ಹೇಳಿದರು:

"ಸಾಪ್ಟಿರುಕ್ಕೇನ್ ಮಾ. ಒಣ್ಣುಂ ಆಗಾದು."

ತಿಂದಿದ್ದೇನೆ, ಏನೂ ಆಗುವುದಿಲ್ಲ. ಡಾಕ್ಟರಮ್ಮ ನನ್ನ ಮುಖ ನೋಡಿದರು, ಅಪ್ಪಯ್ಯನ ಮುಖ ನೋಡಿದರು. ನನಗಾಗಿ ಸುಳ್ಳು ಹೇಳುತ್ತಿದ್ದಾರೆ ಎಂದು ಅನುಮಾನ ಬಂದಿರಬೇಕು. ಎಷ್ಟು ಸಲ ತಿಂದಿದ್ದೀರಿ ಎಂದು ಕೇಳಿದರು.

"ವಾರಾವಾರಂ," ಎಂದರು ಅಪ್ಪಯ್ಯ. ಪ್ರತಿ ವಾರ. "ಆಮ್ಲೆಟ್. ಡಬಲ್."

ಆ ಡಬಲ್ ಎನ್ನುವ ಮಾತನ್ನು ಕೇಳಿದ ಮೇಲೆ ಯಾರಿಗೂ ಅನುಮಾನ ಉಳಿಯುವಂತಿರಲಿಲ್ಲ. ಸೂಜಿ ಬಿತ್ತು.

ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂರಬೇಕಿತ್ತು. ನನಗೆ ಹಾಯೆನಿಸಿ ನಗು ಉಕ್ಕಿ ಬರುತ್ತಿತ್ತು, ಅಪ್ಪಯ್ಯ ಮಾತ್ರ ತಪ್ಪು ಮಾಡಿದವರ ಹಾಗೆ ತೋಳು ಒತ್ತಿಕೊಂಡು ಕೂತಿದ್ದರು. ಕೊನೆಗೆ ಅವರೇ ಶುರುಮಾಡಿದರು. ಪ್ರತಿ ಗುರುವಾರ ಬೇಳೆ, ತುಪ್ಪ ತರಲು ಸೌಕಾರ್‌ಪೇಟೆಗೆ ಹೋಗುತ್ತಿದ್ದರಲ್ಲ, ವಾಪಸು ಬರುವಾಗ ಸೆಂಟ್ರಲ್ ಸ್ಟೇಷನ್ ಹತ್ತಿರ ಒಂದು ತಳ್ಳುಗಾಡಿ. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲಿ ನಿಂತು ತಿನ್ನುತ್ತಿದ್ದರಂತೆ. ತಿಂದಾದ ಮೇಲೆ ನಾಲ್ಕು ಏಲಕ್ಕಿ ಜಗಿದು ಬಸ್ಸು ಹತ್ತುವುದು.

"ಹೋಟೆಲಿಗೆ ಶುದ್ಧ ಸಸ್ಯಾಹಾರಿ ಅಂತ ಬೋರ್ಡು ಹಾಕಿ ಕೂತವ ನಾನು. ಯಾರಿಗಾದ್ರೂ ಗೊತ್ತಾದ್ರೆ ಮರ್ಯಾದೆ ಉಳೀತಿತ್ತಾ? ನೀನು ಅಮ್ಮನಿಗೆ ಹೇಳ್ಬೇಡ."

"ಹೇಳುದಿಲ್ಲ ಅಪ್ಪಯ್ಯ."

ಆಮೇಲೆ ಅವರು ತಗ್ಗಿದ ದನಿಯಲ್ಲಿ, "ಆ ನೈರೋಬಿಯವಳಿಗೆ ಮೊಟ್ಟೆ ಬೇಡ ಅಂತ ಎಷ್ಟು ಸಲ ಬರ್ದಿದ್ದಿ?" ಎಂದರು.

ನನಗೆ ನಾಚಿಕೆಯಾಯಿತು. ಬಾಯಿ ರುಚಿ ಬದಲಾಗಲಿ ಎಂದು ಅಷ್ಟು ದೂರ ಹೊರಟ ಮನುಷ್ಯನಿಗೆ ನಾನು ಅಲ್ಲಿಯೂ ಒಂದು ಬೋರ್ಡು ಹಾಕಿಸಿಟ್ಟಿದ್ದೆ. ಮನೆಗೆ ಹೋಗುವ ಮೊದಲು ಆಟೋವನ್ನು ಬ್ರೌಸಿಂಗ್ ಸೆಂಟರಿನ ಎದುರು ನಿಲ್ಲಿಸಿದೆ. ಅಪ್ಪಯ್ಯ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು, ಮೊಟ್ಟೆ ಆಗಬಹುದು ಎಂದು ನಾನು ಒಂದು ಸಾಲು ಬರೆದೆ. ಮರುದಿನ ಬಂದ ಉತ್ತರದಲ್ಲಿ, ಅಬ್ಬಾ ಬದುಕಿದೆ, ಹೇಗೆ ಮಾಡಬೇಕು ಹೇಳಿ ಎಂದಿತ್ತು. ಅಪ್ಪಯ್ಯ ಅಡುಗೆಯವರಿಗೆ ಹೇಳುವ ದನಿಯಲ್ಲೇ ಹೇಳಿ ಬರೆಸಿದರು: ಎರಡು ಮೊಟ್ಟೆ, ಈರುಳ್ಳಿ ಸಣ್ಣಗೆ, ಒಳ್ಳೆಮೆಣಸಿನ ಪುಡಿ ಜಾಸ್ತಿ.

ಹೊರಡುವ ದಿನ ನಾನು ಪೆಟ್ಟಿಗೆ ತುಂಬುತ್ತಿದ್ದಾಗ ಅಮ್ಮ ಬಂದು ಒಂದು ಸಣ್ಣ ಪೊಟ್ಟಣ ಕೊಟ್ಟಳು. ಹುರಿದು ಪುಡಿ ಮಾಡಿದ ಒಳ್ಳೆಮೆಣಸು, ಇನ್ನೂ ಬೆಚ್ಚಗಿತ್ತು.

"ಇದು ಎಂತಕ್ಕೆ? ಅಡುಗೆ ಸಾಮಾನು ಒಂದೂ ಬೇಡ ಅಂದಿದ್ದಾರಲ್ಲ ಅಪ್ಪಯ್ಯ," ಎಂದೆ.

"ಅಡುಗೆಗಲ್ಲ. ಗುರುವಾರದ್ದಕ್ಕೆ."

ನಾನು ಮಡಚುತ್ತಿದ್ದ ಅಂಗಿ ಕೈಯಲ್ಲೇ ಉಳಿಯಿತು. ಅಮ್ಮ ಅದನ್ನು ತೆಗೆದುಕೊಂಡು ತಾನೇ ಮಡಚಿದಳು. "ಏಲಕ್ಕಿ ಜಗಿದ್ರೆ ಬಾಯಿ ವಾಸನೆ ಹೋಗ್ತದೆ. ಅಂಗಿದು ಹೋಗ್ತದಾ? ಒಗೆದದ್ದು ನಾನಲ್ವಾ."

"ಮತ್ತೆ ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ?"

"ಇಡೀ ವಾರ ಆ ಗಲ್ಲಾದಲ್ಲಿ ಕೂತವರಿಗೆ ಅಷ್ಟೂ ಬೇಡ್ವಾ?" ಎಂದು ಅಂಗಿಯನ್ನು ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದಳು.

ವಿಮಾನ ನಿಲ್ದಾಣದಲ್ಲಿ ಹಳದಿ ಕಾರ್ಡು ನೋಡಿ ಒಳಗೆ ಬಿಟ್ಟರು. ಕುರ್ಚಿಗಳ ಸಾಲಿನಲ್ಲಿ ಕೂತ ಮೇಲೆ ಪೊಟ್ಟಣವನ್ನು ಅಪ್ಪಯ್ಯನ ಕೈಗೆ ಕೊಟ್ಟೆ. ಬಿಚ್ಚಿ ಮೂಸಿದರು.

"ಅಮ್ಮ ಕೊಟ್ಟದ್ದು. ಗುರುವಾರದ್ದಕ್ಕಂತೆ."

ಅವರ ಕಣ್ಣು ಒದ್ದೆಯಾಯಿತು. ಪೊಟ್ಟಣವನ್ನು ಮತ್ತೆ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಎಷ್ಟು ವರ್ಷದಿಂದ ಗೊತ್ತಂತೆ?"

"ನಿಮ್ಮ ಅಂಗಿ ಒಗೀಲಿಕ್ಕೆ ಶುರು ಮಾಡಿದಾಗಿಂದ."

ಅಪ್ಪಯ್ಯ ನಕ್ಕರು. ಗಲ್ಲಾದಲ್ಲಿ ನಾನು ಒಮ್ಮೆಯೂ ಕಾಣದಿದ್ದ ನಗು ಅದು, ಹೆಗಲು ಕುಣಿಯುವಷ್ಟು.

"ಹಾಗಾದ್ರೆ ಅಷ್ಟು ಏಲಕ್ಕಿ ಸುಮ್ನೆ ಜಗಿದೆನಲ್ಲ ಮಾರಾಯ್ತಿ," ಎಂದರು.