ಸ್ಟೇಜಿನ ಮೇಲೆ ಬರಬಾರದಿದ್ದ ಹೆಸರು

ಈ ಸಲ ಗೋಕುಲಾಷ್ಟಮಿಗೆ ಅವಲಕ್ಕಿ ನೆನೆಸಿಟ್ಟು ಡಬ್ಬಿ ತೆಗೆದು ನೋಡುತ್ತೇನೆ, ಬೆಲ್ಲವೇ ಇಲ್ಲ. ನನ್ನ ಸಂಸಾರದ ಅಚ್ಚುಕಟ್ಟು ಯಾವಾಗಲೂ ಹೀಗೇ. ಇರಲಿ ಎಂದು ಸಕ್ಕರೆ ಹಾಕಿ, ಹಸಿ ಕೊಬ್ಬರಿ ತುರಿದು, ಏಲಕ್ಕಿ ಕುಟ್ಟಿ ಕಲಸಿದೆ. ಘಮ್ಮೆಂದು ವಾಸನೆ ಎದ್ದಿತು ನೋಡಿ, ಕೈ ಅಲ್ಲೇ ನಿಂತುಬಿಟ್ಟಿತು. ಇದು ಕೃಷ್ಣನ ಅವಲಕ್ಕಿ ಅಲ್ಲ. ಮೇಲಿನ ಮನೆ ಮೌಶಿಯ ಮಲೀದಾ...

ಆಗ ನಾವು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದೆವು. ಕೆಳಗೆ ನಾವು, ಮಾಳಿಗೆಯ ಮೇಲೆ ಮೌಶಿ. ಅವಳ ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಲ್ಲಿಯ ಹುಡುಗಿಯರಿಗೆ ಹಾರ್ಮೋನಿಯಂ ಕಲಿಸುತ್ತಿದ್ದಳು. ತನ್ನಷ್ಟಕ್ಕೆ ಮರಾಠಿ, ನಮ್ಮ ಜೊತೆ ಮರಾಠಿ ಬೆರೆತ ಕನ್ನಡ, ತರಕಾರಿಯವನ ಜೊತೆ ಜಗಳವಾಡಲು ದಖನಿ. ಕಚ್ಚೆ ಹಾಕಿ ಸೀರೆ ಉಡುತ್ತಿದ್ದ ಈಕೆ ಕೊಂಕಣದ ಕಡೆಯ ಯಾರೋ ಮರಾಠಿ ಮಂದಿ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಶನಿವಾರ ಯಾಕೆ ಪಾಠ ಇಲ್ಲ ಎಂದು ಕೇಳಿದ ದಿನ ಗೊತ್ತಾಯಿತು, ಮೌಶಿ ಯೆಹೂದಿ.

"ನಮ್ಮ ಹಿರ್ಯಾರು ಎಣ್ಣಿ ಗಾಣದವ್ರು, ಪೋರಿ. ಶನಿವಾರ ಗಾಣ ಮುಟ್ತಿದ್ದಿಲ್ಲ. ಅದಕ್ಕ ಮಂದಿ ನಮಗ ಶನಿವಾರ್ ತೇಲಿ, ಅಂದ್ರ ಶನಿವಾರದ ಗಾಣಿಗ್ರು, ಅಂತಿದ್ರು" ಎಂದು ನಕ್ಕಿದ್ದಳು. ಕಡಲು ದಾಟಿ ಬಂದ ಆ ಹಿರಿಯರು ತಮ್ಮ ಭಾಷೆ ಮರೆತರಂತೆ, ಗ್ರಂಥ ಕಳೆದುಕೊಂಡರಂತೆ. ಉಳಿದದ್ದು ಒಂದೇ ಒಂದು ಸಾಲಿನ ಪ್ರಾರ್ಥನೆ. 'ಶೆಮಾ ಯಿಸ್ರಾಯೇಲ್' ಎಂದು ಶುರುವಾಗುವ ಸಾಲು. ಕೇಳು ಇಸ್ರಾಯೇಲೇ, ನಮ್ಮ ದೇವರು ಒಬ್ಬನೇ ಎಂದು ಅದರ ಅರ್ಥ. ಮಕ್ಕಳು ಹುಟ್ಟಿದರೂ ಅದೇ, ಮದುವೆಗೂ ಅದೇ, ಸಾಯುವಾಗ ಬಾಯಲ್ಲಿರಬೇಕಾದದ್ದೂ ಅದೇ. ಮೌಶಿ ದಿನಾ ಬೆಳಿಗ್ಗೆ ಮಾಳಿಗೆಯಲ್ಲಿ ಬಲಗೈಯಿಂದ ಕಣ್ಣು ಮುಚ್ಚಿಕೊಂಡು, ತುಟಿಯೊಳಗೇ ಅದನ್ನು ಹೇಳಿಕೊಳ್ಳುತ್ತಿದ್ದಳು.

ಆ ಹೊತ್ತಿಗೆ ಊರ ಆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಅಂಥದೊಂದರಲ್ಲಿ ನನಗೂ ಕೆಲಸ ಸಿಕ್ಕಿತ್ತು. ಕಂಪನಿಯ ವಾರ್ಷಿಕೋತ್ಸವಕ್ಕೆ ಎಲ್ಲ ಧರ್ಮಗಳ ಪ್ರಾರ್ಥನೆ ಹಾಡಿಸಬೇಕೆಂದು ನಮ್ಮ ಟೀಮ್ ಲೀಡರ್ ಹುರುಪಿನಲ್ಲಿದ್ದ. ಒಳ್ಳೆಯವನೇ, ಆದರೆ ಜಗತ್ತಿನ ತಪ್ಪನ್ನೆಲ್ಲ ತಾನೇ ತಿದ್ದಬೇಕೆನ್ನುವ ಜಾತಿ. ನನ್ನಿಂದ ಮೌಶಿಯ ವಿಷಯ ತಿಳಿದು ಅವನೇ ಮಾಳಿಗೆ ಹತ್ತಿ ಬಂದ, ಆ ಸಾಲನ್ನು ಆಫೀಸಿನ ನಮ್ಮ ಗುಂಪಿಗೆ ಕಲಿಸಿ ಹಾಡಿಸಿ ಎಂದು ಕೇಳಿದ. ಆಕೆ ಒಪ್ಪಲಾರಳು ಎಂದುಕೊಂಡಿದ್ದೆ. ಒಪ್ಪಿದಳು!

ಯಾಕೆಂದು ಆಮೇಲೆ ನಮ್ಮವ್ವನ ಹತ್ತಿರ ಹೇಳಿದಳು. "ತವರೂರು ಠಾಣೆದಾಗ ನಮ್ಮ ಪ್ರಾರ್ಥನಾ ಮಂದಿರದಾಗ ನೂರಾರು ಮಂದಿ ಕೂಡಿ ಹೇಳ್ತಿದ್ವಿ ವೈನಿ, ಗ್ವಾಡಿ ಗುಂಯ್ ಅಂತಿದ್ವು. ಇಲ್ಲೆ ನನ್ನ ದನಿ ನನಗ ಕೇಳಿ ಕೇಳಿ ಬ್ಯಾಸರ ಬಂದೈತಿ. ಒಮ್ಮೆ ಭಾಳ ಮಂದಿ ಬಾಯಿಲೆ ಕೇಳಬೇಕು."

ತೊಡಕಿದ್ದದ್ದು ಅವಳ ಅಣ್ಣನದು. ಠಾಣೆಯಲ್ಲಿದ್ದ ಅಣ್ಣನೇ ಅವಳಿಗೆ ಉಳಿದಿದ್ದ ಒಂದೇ ತವರು. ಪ್ರಾರ್ಥನೆ ತಮಾಷೆಯ ವಸ್ತುವೇ ಎಂದು ಫೋನಿನಲ್ಲಿ ರೇಗಿದ್ದ. ಕಡೆಗೆ ಒಂದು ಷರತ್ತಿನ ಮೇಲೆ ಮೆತ್ತಗಾದ. ಆ ಸಾಲಿನಲ್ಲಿ ದೇವರ ಹೆಸರು ಎರಡು ಕಡೆ ಬರುತ್ತದೆ. ಅದು ಸ್ಟೇಜಿನ ಮೇಲೆ ಯಾರ ಬಾಯಲ್ಲೂ ಬರಕೂಡದು. ಮೌಶಿ ಮಾತು ಕೊಟ್ಟಳು.

"ಆ ಹೆಸರು ಪ್ರಾರ್ಥನಾಕ್ಕ ಮೀಸಲ ವೈನಿ. ಚಪ್ಪಾಳಿ ಬೀಳೋ ಜಾಗಾದಾಗ ತರಬಾರ್ದು. ಅಲ್ಲೆ ನಾವು ಹಾಶೇಮ್ ಅಂತೀವಿ. ಬರೇ 'ಆ ಹೆಸರು' ಅಂತ ಅದರ ಅರ್ಥ."

ಅವ್ವನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ಅಯ್ಯ, ನಾವೇನು ಗಂಡನ ಹೆಸರು ಕಂಡಕಂಡಲ್ಲೆ ಹೇಳ್ತೇವೇನು ಅಕ್ಕಾ? ಮದುವ್ಯಾಗ ಒಡಪು ಹೇಳು ಅಂದಾಗಷ್ಟ ಬಾಯಿ ಬಿಡೂದು!"

ಹಾಡುವವರಿಗೆ ಮಾತ್ರ ಮೌಶಿ ಇದನ್ನು ಬಿಡಿಸಿ ಹೇಳಲಿಲ್ಲ. ಹೇಳಹೋದರೆ ಆ ಹೆಸರು ಯಾವುದು ಎಂದು ಅವರು ಕೇಳದೆ ಬಿಡುತ್ತಿರಲಿಲ್ಲವಲ್ಲ. ಭಾನುವಾರಗಳಲ್ಲಿ ತಾಲೀಮು ನಡೆಯಿತು. ಹಾಶೇಮ್ ಎಂದಳು, ಹಾಶೇಮ್ ಎಂದೆವು.

ಕಾರ್ಯಕ್ರಮ ನಾಂಪಲ್ಲಿ ಕಡೆಯ ಒಂದು ಸಭಾಂಗಣದಲ್ಲಿ. ಅಣ್ಣ ಬಂದಿದ್ದ! ತಲೆಗೆ ಪುಟ್ಟ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದ. ಅವನು ಬಂದರೆ ಮಲೀದಾ ಮಾಡುತ್ತೇನೆಂದು ಹರಕೆ ಹೊತ್ತಿದ್ದ ಮೌಶಿ, ಬೆಳಿಗ್ಗೆಯೇ ಅವಲಕ್ಕಿ, ಕೊಬ್ಬರಿ, ಖರ್ಜೂರ ಕಲಸಿ ಮುಚ್ಚಿಟ್ಟು ಬಂದಿದ್ದಳು. ಜರಿ ಸೀರೆ ಉಟ್ಟು ಹಾರ್ಮೋನಿಯಂ ಮುಂದೆ ಕುಳಿತ ಅವಳ ಮುಖ ನೋಡಬೇಕಿತ್ತು.

ಶೆಮಾ ಯಿಸ್ರಾಯೇಲ್... ಎಂದು ಎತ್ತಿಕೊಂಡೆವು. ಹೆಸರಿನ ಜಾಗ ಬಂತು. ನನ್ನ ಬಾಯಿ ಹಾಶೇಮ್ ಎಂದಿತು. ನನ್ನ ಸುತ್ತಲಿನ ಬಾಯಿಗಳೆಲ್ಲ ಬೇರೇನೋ ಎಂದವು.

ನಾನೇ ತಪ್ಪಿದೆನೇ? ತಿರುಗಿ ನೋಡಿದರೆ ಮೌಶಿಯ ಮುಖ ಸುಣ್ಣವಾಗಿತ್ತು. ಹಾರ್ಮೋನಿಯಂ ನಿಂತಿತು. ಇವರು ನಿಲ್ಲಲಿಲ್ಲ! ಎರಡನೆಯ ಜಾಗದಲ್ಲೂ ಅದೇ ಶಬ್ದವನ್ನು, ಇನ್ನೂ ಗಟ್ಟಿಯಾಗಿ, ಒಕ್ಕೊರಲಿನಿಂದ ಹಾಡಿದರು. ಮೌಶಿ ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಏನೋ ಪಿಸುಗುಟ್ಟಿದಳು. ಆ ಹೆಸರು ಸಲ್ಲದ ಜಾಗದಲ್ಲಿ ಬಂದರೆ ಕೂಡಲೇ ಹೇಳಬೇಕಾದ ಮಾತಂತೆ ಅದು. ಮೈಕು ಆ ಪಿಸುಮಾತನ್ನೂ ಹಿಡಿದು ಇಡೀ ಸಭಾಂಗಣಕ್ಕೆ ಕೇಳಿಸಿತು. ಜನ ಅದೂ ಹಾಡಿನ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಥೂ, ಆ ಚಪ್ಪಾಳೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮುಂದಿನ ಸಾಲಿನ ಕುರ್ಚಿ ಆಗಲೇ ಖಾಲಿಯಾಗಿತ್ತು.

ಪರದೆಯ ಹಿಂದೆ ಟೀಮ್ ಲೀಡರ್ ಹಲ್ಲು ಕಿರಿಯುತ್ತ ಬಂದ. ಪಾಪ ಆಂಟಿಗೆ ವಯಸ್ಸಾಗಿದೆ, ಒಂದು ಶಬ್ದ ಮರೆತಿದ್ದರು, ಇಂಟರ್ನೆಟ್ಟಿನಲ್ಲಿ ಹುಡುಕಿ ಸರಿಮಾಡಿದೆವು, ಅವರಿಗೆ ಮುಜುಗರ ಬೇಡವೆಂದು ಗುಟ್ಟಾಗಿಟ್ಟೆವು ಎಂದ. ನಾನು ಮೌಶಿಯ ಮನೆಯವಳಂತೆ ಎಂದು ನನಗೂ ಹೇಳಿರಲಿಲ್ಲವಂತೆ! ಅಣ್ಣ ಬಾಗಿಲ ಬಳಿ ನಿಂತು ಮರಾಠಿಯಲ್ಲಿ, "ನನಗೆ ಮಾತು ಕೊಟ್ಟಿದ್ದೆ" ಎಂದಷ್ಟೇ ಹೇಳಿ ಸ್ಟೇಷನ್ನಿಗೆ ಹೊರಟುಹೋದ. ಹುಡುಗರು ಮಾಡಿದ್ದು ಎಂಬ ಒಂದು ಮಾತನ್ನು ಮೌಶಿ ಆಡಲಿಲ್ಲ.

ಮರುದಿನ ಆ ಮಲೀದಾದ ಪಾತ್ರೆಯನ್ನು ತಂದು ನಮ್ಮ ಅಡುಗೆಮನೆಯಲ್ಲಿ ಇಟ್ಟಳು. ಮೇಲೆ ಹರಡಿದ್ದ ಗುಲಾಬಿ ಎಸಳು ಬಾಡಿತ್ತು. ನಾನು ಟೀಮ್ ಲೀಡರನನ್ನು ವಾಚಾಮಗೋಚರ ಬೈಯುತ್ತಿದ್ದೆ. ಮೌಶಿ ನನ್ನ ಕೈ ಹಿಡಿದಳು.

"ಬೈಬ್ಯಾಡ. ಅವರ ಬಾಯಿಲೆ ಆ ಹೆಸರು ಕೇಳಿತಲ್ಲ, ಮೊದಲ ನನಗ ಖುಷಿನ ಆತು ಪೋರಿ. ಅಂಜಿಕಿ ಆಮ್ಯಾಲ ಬಂತು. ಇದನ್ನ ಅಣ್ಣಗ ಯಾವ ಬಾಯಿಲೆ ಹೇಳ್ಲಿ?"

ಅಣ್ಣ ಮತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಮೌಶಿ ಹಾರ್ಮೋನಿಯಂಗೆ ಬಟ್ಟೆ ಹೊದಿಸಿಬಿಟ್ಟಳು.

ಕೆಲವು ವರ್ಷಗಳ ಮೇಲೆ ಅವಳಿಗೆ ಲಕ್ವಾ ಹೊಡೆಯಿತು. ಮಾತು ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ತಲೆಯಾಡಿಸಿದ ಮಧ್ಯಾಹ್ನ, ಬೈದರೆ ಬೈಯಲಿ ಎಂದು ನಾನೇ ಆ ಅಣ್ಣನಿಗೆ ಫೋನು ಮಾಡಿದೆ. ಅಂದು ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಅವಳ ಆ ಖುಷಿಯನ್ನೂ ಹೇಳಿಬಿಟ್ಟೆ. ಅವನು ಬೈಯಲಿಲ್ಲ.

"ನಾನು ಬರುವುದರೊಳಗೆ ಆಕೆ ಇರುವುದಿಲ್ಲ. ಆ ಸಾಲು ನಿನಗೆ ಬರುತ್ತದಲ್ಲ ಮಗಳೇ? ಅವಳ ಕಿವಿಯಲ್ಲಿ ಹೇಳು. ಹಾಶೇಮ್ ಅನ್ನಬೇಡ. ಹೆಸರು ಹಿಡಿದು ಹೇಳು."

ಯಾವ ಹೆಸರಿಗಾಗಿ ತಂಗಿಯನ್ನೇ ಬಿಟ್ಟುಹೋಗಿದ್ದನೋ, ಅದನ್ನು ಆ ಮನುಷ್ಯ ನನ್ನ ಬಾಯಲ್ಲಿ ಬೇಡುತ್ತಿದ್ದ! ಮೌಶಿ ನನಗೆ ಅದನ್ನು ಎಂದೂ ಕಲಿಸಿರಲಿಲ್ಲ. ಆದರೆ ನನಗೆ ಗೊತ್ತಿತ್ತು. ಆ ಸ್ಟೇಜಿನ ಮೇಲೆ, ಅವರೆಲ್ಲ ತಪ್ಪಾಗಿ ಹಾಡಿದಾಗ ಕೇಳಿದ್ದೆನಲ್ಲ. ಅವಳ ಬಲಗೈಯೆತ್ತಿ ಅವಳ ಕಣ್ಣ ಮೇಲೆ ಇಟ್ಟೆ, ಕಿವಿಗೆ ಬಾಯಿ ಹಚ್ಚಿ ಹೇಳಿದೆ. ಎರಡನೆಯ ಸಲ ಹೆಸರು ಬಂದಾಗ ಅವಳ ತುಟಿ ಅಲುಗಿತು. ಅಷ್ಟೇ...

ಕಾಚಿಗೂಡದ ಆ ಮನೆ ಈಗ ಇಲ್ಲ, ಲಾಡ್ಜ್ ಎದ್ದಿದೆ. ಮೌಶಿಯೂ ಇಲ್ಲ, ಆ ಅಣ್ಣನೂ ಇಲ್ಲ. ಕಲಸಿದ ಅವಲಕ್ಕಿಯ ಮುಂದೆ ನಿಂತು ಆ ಸಾಲನ್ನು ಮೆಲ್ಲಗೆ ಗುನುಗಿದೆ. ಹೆಸರಿನ ಜಾಗ ಬಂದಾಗ ಹಾಶೇಮ್ ಎಂದೆ. ಇನ್ನೊಂದು, ಅವಳ ಕಿವಿಯಲ್ಲಿ ಹೇಳಿದ್ದು, ಅಲ್ಲಿಗೇ ಮುಗಿಯಿತು.