ಅಕ್ಕನ ಹ್ಯಾಂಡಲ್‌ನ ಮೂರು ಮನೆ

ಅಕ್ಕ ತೀರಿಕೊಂಡ ಮೇಲೆ ಅವಳ ಸೈಕಲ್ ನನ್ನ ಪಾಲಿಗೆ ಬಂತು. ಸಿ.ವಿ. ರಾಮನ್ ನಗರದ ಅವಳ ಮನೆಯಲ್ಲಿ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿತ್ತು.

"ತಗೊಂಡ್ಹೋಗಪ್ಪ, ಓಡಿಸು. ದಿನಾ ಅದನ್ನ ನೋಡೋಕೆ ನನ್ನಿಂದ ಆಗ್ತಿಲ್ಲ" ಅಂದರು ಭಾವ. ಗಾಳಿ ತುಂಬಿಸಿಕೊಂಡು ರಾಮಮೂರ್ತಿ ನಗರದ ನನ್ನ ಮನೆಗೆ ತಂದೆ.

ಅದು ರೇಸಿಂಗ್ ಸೈಕಲ್. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಮುಂದೆ ಚಾಚಿ ಕೆಳಕ್ಕೆ ಸುತ್ತಿಕೊಂಡಿದೆ. ಅಕ್ಕ ನಲವತ್ತು ದಾಟಿದ ಮೇಲೆ ಆಸೆಪಟ್ಟು ಕೊಂಡಿದ್ದು. ಭಾನುವಾರ ಬೆಳಕು ಹರಿಯುವಾಗ ಇಬ್ಬರೂ ಹಲಸೂರು ಕೆರೆಯ ಕಡೆ ಹೋಗುತ್ತಿದ್ದೆವು. ನನ್ನದು ನೇರ ಹ್ಯಾಂಡಲ್‌ನ ಹಳೇ ಸೈಕಲ್.

"ನಿಂದು ಸಿಂಗಲ್ ರೂಮು ಕಣೋ. ನಂದು ನೋಡು, ಮೂರು ಮನೆ. ಬಾಡಿಗೇನೂ ಇಲ್ಲ" ಎಂದು ರೇಗಿಸುತ್ತಿದ್ದಳು.

ಹ್ಯಾಂಡಲ್‌ನ ಮೇಲಿನ ಅಡ್ಡ ಭಾಗ ಒಂದು ಮನೆ. ಅಲ್ಲಿ ಕೈಯಿಟ್ಟರೆ ಬೆನ್ನು ನೆಟ್ಟಗಾಗುತ್ತದೆ, ಉಸಿರು ಸಲೀಸಾಗುತ್ತದೆ. ಅವಳಿಗೆ ಅದು ಮಾತಾಡುವ ಮನೆ. ಆದರೆ ಅಲ್ಲಿಗೆ ಬ್ರೇಕ್ ಎಟುಕುವುದಿಲ್ಲ. ಬ್ರೇಕಿನ ಬುಡದಲ್ಲಿ ರಬ್ಬರ್ ಹೊದಿಸಿದ ಉಬ್ಬು ನಡುವಿನ ಮನೆ, ರಸ್ತೆಯಲ್ಲಿ ಹೆಚ್ಚು ಹೊತ್ತು ಅಲ್ಲೇ ವಾಸ. ಕೆಳಗಿನ ಬಾಗು ಮೂರನೆಯದು. ಇಳಿಜಾರು ಬಂದರೆ ಅಕ್ಕ ಅಲ್ಲಿಗೆ ಕೈ ಇಳಿಸಿ, ಮೈ ಬಗ್ಗಿಸಿ, ನನ್ನನ್ನು ಬಿಟ್ಟು ಹೋಗಿಬಿಡುತ್ತಿದ್ದಳು. ಮಂಜಿನಲ್ಲಿ ಅವಳ ಹಿಂದಿನ ಕೆಂಪು ದೀಪವಷ್ಟೇ ಕಾಣುತ್ತಿತ್ತು.

"ಸುಮ್ನೆ ಯಾಕೆ ಕೈ ಬದಲಾಯಿಸ್ತಾ ಇರ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ಒಂದೇ ಕಡೆ ಹಿಡ್ಕೊಂಡಿದ್ರೆ ಮರಗಟ್ಟಿ ಹೋಗುತ್ತೆ ಕಣೋ."

ಅವಳ ಕೈ ತೀರ ಚಿಕ್ಕದು. ಬಳೆ ಅಂಗಡಿಯಲ್ಲಿ ಮಕ್ಕಳ ಬಳೆ ತೆಗೆದು ತೋರಿಸುತ್ತಿದ್ದರು. ಬೆರಳಿಗೆ ಎಟುಕಲೆಂದು ಶಿವಾಜಿನಗರದ ಸೈಕಲ್ ಅಂಗಡಿಯವರು ಬ್ರೇಕ್ ಹಿಡಿಗಳನ್ನು ಹ್ಯಾಂಡಲ್‌ಗೆ ಹತ್ತಿರ ಮಾಡಿಕೊಟ್ಟಿದ್ದರು. ನಾನು ಬ್ರೇಕ್ ಎಳೆದರೆ ನನ್ನ ಬೆರಳೇ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ತೋರಿಸಲು ಅದೇ ಅಂಗಡಿಗೆ ಹೋದೆ.

ಅವರು ಸೈಕಲ್‌ನ ಗುರುತು ಹಿಡಿದರು. "ಆಪಾ ಬರ್ಲಿಲ್ವಾ?" ಎಂದು ನನ್ನ ಹಿಂದೆ ಅಕ್ಕನಿಗಾಗಿ ನೋಡಿದರು. ಹೇಳಿದೆ. ಸ್ಪ್ಯಾನರ್ ಕೆಳಗಿಟ್ಟು ತಮ್ಮಷ್ಟಕ್ಕೆ ಏನೋ ಪ್ರಾರ್ಥಿಸಿದರು. ಆಮೇಲೆ ನನ್ನ ಕೈ ಹಿಡಿದು ನೋಡಿ, "ಸ್ಕ್ರೂ ಸ್ವಲ್ಪ ತಿರುಗಿಸಿದ್ರೆ ಆಯ್ತು ಭಾಯ್" ಅಂದರು.

ಅಷ್ಟು ಸುಲಭವೆಂದು ನಾನು ಅಂದುಕೊಂಡಿರಲಿಲ್ಲ. ಅವಳ ಸೀರೆ, ಚಪ್ಪಲಿ ಎಲ್ಲ ಯಾರ್ಯಾರಿಗೋ ಹೋಗಿದ್ದವು. ಅವಳ ಕೈಯ ಅಳತೆ ಉಳಿದಿದ್ದು ಇಲ್ಲಿ ಮಾತ್ರ.

"ಬೇಡ, ಹಂಗೇ ಇರ್ಲಿ."

"ಆಪಾ ಇದ್ದಿದ್ರೆ ನಿಮಗೆ ಸರಿಯಾಗಿ ಬೈತಿದ್ರು" ಅಂದರು.

ವಾಪಸು ಬರುವಾಗ ಹಳೇ ಮದ್ರಾಸು ರಸ್ತೆಯಲ್ಲಿ ಮುಂದಿದ್ದ ಆಟೋ ಗಕ್ಕನೆ ನಿಂತಿತು. ಬ್ರೇಕ್ ಎಳೆದೆ. ಬೆರಳು ಸಿಕ್ಕಿಕೊಂಡಿತು, ಚಕ್ರ ಹೋಗಿ ಆಟೋಗೆ ಬಡಿಯಿತು.

"ಏನ್ ಗುರೂ, ಬ್ರೇಕ್ ಹಿಡಿಯೋಕೆ ಬರಲ್ವಾ?"

"ಬರಲ್ಲ" ಅಂದೆ. ನಿಜ ಅದೇ ಆಗಿತ್ತು.

ಆಟೋದವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಹಂಗಾದ್ರೆ ತಳ್ಕೊಂಡ್ ಹೋಗಪ್ಪ. ಮನೇಲಿ ಕಾಯ್ತಿರ್ತಾರೆ."

ನನಗೆ ಭಾವನ ನೆನಪಾಯಿತು. ಅಂಥ ಇನ್ನೊಂದು ಸುದ್ದಿ ಆ ಮನೆಯ ಬಾಗಿಲಿಗೆ ಹೋಗಬಾರದು. ಸೈಕಲ್ ತಿರುಗಿಸಿ ತಳ್ಳಿಕೊಂಡೇ ಶಿವಾಜಿನಗರಕ್ಕೆ ಹೋದೆ.

ಅಂಗಡಿಯವರು ಸ್ಕ್ರೂ ತಿರುಗಿಸುತ್ತಾ, "ಕೈ ಇಡಿ. ಇನ್ನೂ ಸ್ವಲ್ಪನಾ?" ಅನ್ನುತ್ತಾ ಹೋದರು. ಕೊನೆಗೆ ನನ್ನ ಕೈ ಕೂತಿತು. ಹ್ಯಾಂಡಲ್‌ಗೆ ಸುತ್ತಿದ್ದ ಟೇಪು ಅಕ್ಕನ ಕೈ ತಾಗಿ ಸವೆದಿತ್ತು. ಅದನ್ನು ಬದಲಾಯಿಸಲು ಮಾತ್ರ ನಾನು ಒಪ್ಪಲಿಲ್ಲ.

ಭಾನುವಾರ ಕೆರೆಯ ಬಳಿ ಮಂಜು ಇನ್ನೂ ನೀರು ಬಿಟ್ಟು ಎದ್ದಿರಲಿಲ್ಲ. ರಸ್ತೆ ಖಾಲಿ. ನಡುವಿನ ಮನೆಯಿಂದ ಕೈ ತೆಗೆದು ಮೇಲಿನ ಮನೆಗೆ ಬಂದೆ. ಬೆನ್ನು ನೆಟ್ಟಗಾಯಿತು, ಸೈಕಲ್ ನಿದ್ದೆಗಣ್ಣಲ್ಲಿ ಹೋದಂತೆ ನಿಧಾನವಾಯಿತು. ಅಭ್ಯಾಸಬಲದಿಂದ ಪಕ್ಕದಲ್ಲಿ ಇನ್ನೊಂದು ಸೈಕಲ್‌ಗಾಗುವಷ್ಟು ಜಾಗ ಬಿಟ್ಟಿದ್ದೆ.

"ಸ್ಕ್ರೂ ತಿರುಗಿಸ್ಬಿಟ್ಟೆ ಕಣಕ್ಕಾ" ಅಂದೆ.

ನೀರುಕಾಗೆಯೊಂದು ಮುಳುಗಿ ಎಲ್ಲೋ ದೂರದಲ್ಲಿ ಎದ್ದಿತು. ಮುಂದೆ ಇಳಿಜಾರು. ಕೈ ತಾನಾಗಿ ಕೆಳಗಿನ ಮನೆಗೆ ಇಳಿಯಿತು. ಬ್ರೇಕ್ ಬೆರಳಿಗೆ ಸಿಕ್ಕಿತು.