ಜನಾವರ ಎಷ್ಟು ಎಂದು ಮೊದಲು ಕೇಳುವ ನೂತನ

ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ ಬೆಳಕು ಹರಿಯುವ ಹೊತ್ತು. ರಾತ್ರಿಪಾಳಿ ಮುಗಿಸಿದ ಮಗ್ಗದವರು ಚಹಾದಂಗಡಿಯ ಮುಂದೆ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದಾರೆ. ಗಲ್ಲಿಯ ಖಡಖಡ ಮಾತ್ರ ನಿಂತಿಲ್ಲ. ಪವರ್‌ಲೂಮ್ ಶೆಡ್ಡಿನ ಮೇಲಿನ ಒಂದೇ ಕೋಣೆಯ ಮನೆಯಲ್ಲಿ ನೂತನ ಚೌಗುಲೆ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ತಾವು ಕಟ್ಟಿದ್ದನ್ನು ತಾವೇ ಕೆಡವಲು ಕುಳಿತಿದ್ದಾರೆ. ಮಳೆಗಾಲದ ಬಾಯಲ್ಲಿ ದಿನಾ ಬೆಳಿಗ್ಗೆ ಅವರಿಗೆ ಇದೇ ಕೆಲಸ. ತಮ್ಮ ವೆಬ್‌ಸೈಟಿನ ಮೇಲೆ ಸಾವಿರಾರು ಸುಳ್ಳು ಗಿರಾಕಿಗಳನ್ನು ಒಮ್ಮೆಲೇ ನುಗ್ಗಿಸುತ್ತಾರೆ, ಅದು ಎಲ್ಲಿ ಉಸಿರುಗಟ್ಟುತ್ತದೆ ಎಂದು ನೋಡುತ್ತಾರೆ.

“ಬೀಳೂದಿದ್ರ ಈಗ ಬೀಳಲಿ ರೀ ಅಕ್ಕಾರ,” ಎನ್ನುತ್ತಾರೆ ನನಗೆ, ಪರದೆಯಿಂದ ಕಣ್ಣು ತೆಗೆಯದೆ. “ಹೊಳಿ ಏರಿದಾಗ ಬಿದ್ರ ಯಾರ ಬಂದ ಎಬ್ಬಸ್ತಾರ?”

ನೂತನ ಹಗಲೆಲ್ಲ ಒಬ್ಬ ಬಟ್ಟೆ ವ್ಯಾಪಾರಿಯ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾರೆ. ಹೊಟ್ಟೆಪಾಡು ಅದು. ಈ ಬೆಳಗಿನ ಕೆಲಸಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಶಿರೋಳ ತಾಲೂಕಿನ ನದಿದಂಡೆಯ ಊರುಗಳಿಗೆ ಮಹಾಪೂರ ಬಂದಾಗ, ಎತ್ತರದ ಜಾಗಗಳಲ್ಲಿ ದನಕರುಗಳಿಗೆ ಛಾವಣಿ, ಅಂದರೆ ತಾತ್ಕಾಲಿಕ ಬಿಡಾರ, ಹಾಕುತ್ತಾರೆ. ಯಾವ ಛಾವಣಿಯಲ್ಲಿ ಇನ್ನೂ ಜಾಗ ಇದೆ, ಮೇವು ಇದೆಯೇ, ಅಲ್ಲಿಗೆ ಹೋಗುವ ದಾರಿ ಮುಳುಗುವುದು ಯಾವಾಗ ಎಂಬುದನ್ನು ಇವರ ವೆಬ್‌ಸೈಟು ಫೋನಿನಲ್ಲಿ ತೋರಿಸುತ್ತದೆ. ನಿಮ್ಮ ಎಮ್ಮೆಗೆ ಜಾಗವನ್ನೂ ಹಿಡಿದಿಡುತ್ತದೆ.

ಮನುಷ್ಯರು ಮುಳುಗುವಾಗ ಎಮ್ಮೆಯ ಚಿಂತೆಯೇ ಎಂದು ನಗುವವರಿದ್ದಾರೆ. ಅವರು ಒಮ್ಮೆ ನದಿದಂಡೆಯ ಅಕಿವಾಟಕ್ಕೆ ಬಂದು ನೋಡಲಿ. ಹಟ್ಟಿಯಲ್ಲಿ ಎಮ್ಮೆ ಕಟ್ಟಿಹಾಕಿ ದೋಣಿ ಹತ್ತುವ ಹೆಂಗಸು ಅಲ್ಲಿ ಒಬ್ಬಳೂ ಸಿಗುವುದಿಲ್ಲ. ಎಮ್ಮೆಗೆ ನಿಲ್ಲಲು ನೆಲ ಸಿಕ್ಕಿತು ಎಂದು ಖಾತ್ರಿಯಾದ ಮೇಲೆಯೇ ಜನ ತಾವು ಹೊರಡುತ್ತಾರೆ. ಹೀಗಾಗಿ ಜನರನ್ನು ಉಳಿಸಬೇಕೆಂದರೆ ಮೊದಲು ದನದ ಜಾಗ ಹೇಳಬೇಕು. ಅಕಿವಾಟದಲ್ಲೇ ಹುಟ್ಟಿದ ನೂತನ ಅವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆರಂಭದಲ್ಲಿ ಇಡೀ ವೆಬ್‌ಸೈಟು ಪಿಎಚ್‌ಪಿ ಎಂಬ ಒಂದೇ ಕಂಪ್ಯೂಟರ್ ಭಾಷೆಯಲ್ಲಿತ್ತು. ಗಡಹಿಂಗ್ಲಜದ ಅಮೋಲ ಎಂಬ ಶಾಲಾ ಶಿಕ್ಷಕರು ಅದನ್ನು ಬಲ್ಲವರು. ಪುಟದ ಮಾತುಗಳನ್ನು ತಿದ್ದುವುದು, ಛಾವಣಿಗಳ ಹೆಸರು ಸೇರಿಸುವುದು ಅವರ ಪಾಲಿನ ಕೆಲಸ. ಮೊದಲ ವರ್ಷವೇ ಎಡವಟ್ಟಾಯಿತು. ನೀರು ಏರಿದ ಬೆಳಿಗ್ಗೆ ಊರಿಗೆ ಊರೇ ಒಟ್ಟಿಗೆ ಪುಟ ತೆರೆಯಿತು, ಒಂದೇ ಜಾಗ ಇಬ್ಬರಿಗೆ ಹೋಯಿತು. ಸುರಿಯುವ ಮಳೆಯಲ್ಲಿ, ಛಾವಣಿಯ ಬಾಗಿಲಲ್ಲಿ, ಎರಡು ಮನೆಯವರು ದನಗಳ ಹಗ್ಗ ಹಿಡಿದುಕೊಂಡು ಕೈಕೈ ಮಿಲಾಯಿಸಿದರು.

“ತಪ್ಪ ನಂದ ಇತ್ರಿ,” ಎನ್ನುತ್ತಾರೆ ನೂತನ. “ಆಮ್ಯಾಲ ಬೀಗ ಹಾಕಿದೆ, ಒಬ್ರದ ಮುಗಿಯೂ ತನಾ ಇನ್ನೊಬ್ರಿಗೆ ಕೊಡಬಾರದಂತ. ಎಲ್ಲಾರೂ ಸಾಲಿನ್ಯಾಗ ನಿಂತ್ರು. ಸಾಲ ಉದ್ದ ಆತು, ಕಡೀಕ ಪುಟಾನ ನಿಂತಬಿಡ್ತು. ಚಹಾ ಮಾಡಿ ಕುಡದ ಬಂದ್ರೂ ತೆರೀತಿರಲಿಲ್ಲ.”

ಆಗ ಅವರು ಕೆಲಸವನ್ನು ಒಡೆದರು. ಜನರಿಗೆ ಕಾಣುವ ಮುಖ ಪಿಎಚ್‌ಪಿಯಲ್ಲೇ ಉಳಿಯಿತು, ಅಮೋಲರ ಕೈಗೆ ಎಟಕುವ ಹಾಗೆ. ಜಾಗ ಹಿಡಿದುಕೊಡುವ ಭಾಗವನ್ನು ಗೋ ಎಂಬ ಭಾಷೆಯಲ್ಲಿ ಹೊಸದಾಗಿ ಬರೆದರು. ಅದು ಖಾಲಿ ಜಾಗಗಳನ್ನು ನೆನಪಿನಲ್ಲೇ ಇಟ್ಟುಕೊಂಡು, ಎಷ್ಟು ಜನ ಒಟ್ಟಿಗೆ ಕೇಳಿದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಂಚುತ್ತದೆ. ಯಾವ ದಾರಿ ಯಾವಾಗ ಮುಳುಗೀತು ಎಂಬ ಅಂದಾಜಿಗೆ ಬೇಕಾದ ಸಾಮಾನು ಪೈಥಾನ್ ಭಾಷೆಯಲ್ಲಿ ತಯಾರಾಗಿಯೇ ಸಿಗುತ್ತದೆ. ಆ ಲೆಕ್ಕ ಬೇರೆಯೇ ಕುಳಿತು ನಡೆಯುತ್ತದೆ, ಪುಟದ ಕಾಲಿಗೆ ತೊಡರುವುದಿಲ್ಲ. ಮೂರು ಭಾಷೆ, ಮೂರು ಕೆಲಸ, ನಡುವೆ ತೀರ ಚಿಕ್ಕ ಮಾತುಕತೆ.

ಒಲೆಯ ಮುಂದೆ ಕುಳಿತ ತಾಯಿ ಶಾಲನ ಅವರಿಗೆ ಈ ವಿದ್ಯೆಯ ಗಂಧಗಾಳಿ ಇಲ್ಲ. ಆದರೆ ಜೋಡಣೆ ಗೊತ್ತು. ಮಗ್ಗದಲ್ಲಿ ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಗಂಟು ಹಾಕುತ್ತ ಅರ್ಧ ಆಯುಷ್ಯ ಕಳೆದವರು ಅವರು. ನೂತನ ಕೂಡ ಶಾಲೆ ಬಿಟ್ಟ ಮೇಲೆ ಪಕ್ಕದಲ್ಲಿ ಕುಳಿತು ಗಂಟು ಹಾಕಿದ್ದುಂಟು. ನೂತನ ಹೇಳುತ್ತಾರೆ, “ಗಂಟ ದಪ್ಪ ಆದ್ರ ಮಗ್ಗದ ಹಣಿಗ್ಯಾಗ ಸಿಕ್ಕ ಎಳಿ ಹರೀತೈತಿ. ಇದೂ ಹಂಗ ರೀ. ಭಾಷಾ ಹೆಚ್ಚಾದ್ರ ಶಾಣ್ಯಾತನ ಅಲ್ಲ. ಒಂದರಾಗ ಆಗೂದಿದ್ರ ನಾನೂ ಒಂದರಾಗ ಮಾಡಾಕಿ. ಆಗಲಿಲ್ಲ, ಅದಕ್ಕ ಮೂರ ಜೋಡಸೇನಿ. ಗಂಟ ಮಾತ್ರ ಸಣ್ಣದ ಹಾಕೇನಿ.”

ಈ ಜೋಡಣೆ ಎರಡು ಮಳೆಗಾಲ ತಡೆಯದೆ ನಡೆಯಿತು. ಅಲ್ಲಿಗೆ ಕಥೆ ಮುಗಿದಿದ್ದರೆ ನಾನೂ ಮೆಚ್ಚುಗೆಯ ನಾಲ್ಕು ಸಾಲು ಬರೆದು ಸುಮ್ಮನಿರುತ್ತಿದ್ದೆ. ಮುಗಿಯಲಿಲ್ಲ.

ವೆಬ್‌ಸೈಟಿನ ವಿಳಾಸ ಕೊಲ್ಹಾಪುರದ ಒಂದು ಸಹಾಯ ಮಂಡಳಿಯ ಹೆಸರಿನಲ್ಲಿತ್ತು. ಕಳೆದ ವರ್ಷ ಮಳೆಗಾಲಕ್ಕೆ ಮುನ್ನ ಮಂಡಳಿಯವರಿಗೆ ತಮ್ಮ ಪುಟ ಹಳತಾಗಿ, ಕುರೂಪವಾಗಿ ಕಂಡಿತು. ದೊಡ್ಡ ಊರಿನ ಕಂಪನಿಯೊಂದು ಬಂದು ದೊಡ್ಡ ಪರದೆಯ ಮೇಲೆ ಚಿತ್ರ ತೋರಿಸಿತು. ಮೂರು ಭಾಷೆಯ ಖಿಚಡಿ ಏಕೆ, ನಾಳೆ ಈ ಹೆಣ್ಣುಮಗಳು ಬಿಟ್ಟುಹೋದರೆ ನೋಡುವವರು ಯಾರು, ಎಲ್ಲವನ್ನೂ ಒಂದೇ ಭಾಷೆಯಲ್ಲಿ ಚೊಕ್ಕವಾಗಿ ಮಾಡಿಕೊಡುತ್ತೇವೆ ಎಂದಿತು. “ಅವರ ಕೇಳಿದ್ದ ಖರೇನ ಐತ್ರಿ, ನೋಡಾವ್ರ ಯಾರಂತ,” ಎಂದು ನೂತನ ಈಗಲೂ ಒಪ್ಪುತ್ತಾರೆ. “ಆದ್ರ ಮೂರ ಯಾಕ ಮಾಡಿದಿ ಅಂತ ನನ್ನ ಯಾರೂ ಕೇಳಲಿಲ್ಲ.”

ಅಧ್ಯಕ್ಷ ಬಾಪೂಸಾಹೇಬರು ಇನ್ನೊಂದು ಸುಧಾರಣೆಯನ್ನೂ ಸೂಚಿಸಿದರು. “ಆಧೀ ಮಾಣೂಸ,” ಎಂದರು. ಮೊದಲು ಮನುಷ್ಯ, ಆಮೇಲೆ ದನ. ಕೇಳಲು ಎಷ್ಟು ಚೆನ್ನಾಗಿದೆ! ಸಭೆ ಚಪ್ಪಾಳೆ ತಟ್ಟಿತು. ದನದ ಛಾವಣಿಯ ಭಾಗವನ್ನೇ ತೆಗೆದುಹಾಕಿದರು. ಉದ್ಘಾಟನೆಗೆ ಫೇಟಾ, ಶಾಲು, ತೆಂಗಿನಕಾಯಿ, ಪೇಢೆ ಎಲ್ಲವೂ ಇದ್ದವು. ನೂತನ ಅವರಿಗೆ ಬಂದದ್ದು, ಹಳೆಯದನ್ನು ಬಂದ್ ಮಾಡತಕ್ಕದ್ದು ಎಂಬ ಒಂದು ಸಾಲಿನ ಆಜ್ಞೆ.

“ಅವತ್ತ ಬಂದ್ ಮಾಡಿದೆ,” ಎನ್ನುತ್ತಾರೆ. “ಹೇಳಿದ ಮಾತ ಕೇಳೂ ಹುಡುಗಿ ನೋಡ್ರಿ ನಾ. ಸಿಟ್ಟ ಬಂದಿತ್ತು. ನಿಮ್ಮ ಹಣೇಬಾರ ಅಂತ ಒತ್ತಿಬಿಟ್ಟೆ.”

ಜುಲೈ ಕೊನೆಗೆ ಕೃಷ್ಣೆ ತುಂಬಿತು. ಪುಟ ತೆರೆದವರಿಗೆ ಬಹಳ ಹೊತ್ತು ಬರೀ ಬಿಳಿ ಕಂಡಿತು. ಆಮೇಲೆ ಬಾಪೂಸಾಹೇಬರ ಭಾವಚಿತ್ರ ಇಳಿಯತೊಡಗಿತು. ಮೊದಲು ಫೇಟಾ, ಆಮೇಲೆ ಹಣೆ, ಆಮೇಲೆ ಮೀಸೆ, ಕಟ್ಟಕಡೆಗೆ ಮುಗಿದ ಕೈ. ಮಳೆಗೆ ಅರ್ಧ ಸತ್ತ ನೆಟ್‌ವರ್ಕಿನಲ್ಲಿ, ನೀರು ಹೊಸ್ತಿಲಿಗೆ ಬಂದ ಜನ, ಅಧ್ಯಕ್ಷರ ಮೀಸೆ ಪೂರ್ತಿಯಾಗಲು ಕಾಯಬೇಕು! ಅದಾದ ಮೇಲೆ ಮನೆಮಂದಿಯ ಹೆಸರು, ವಯಸ್ಸು, ಗುರುತಿನ ಚೀಟಿ ಕೇಳುತ್ತಿತ್ತು. ಎಮ್ಮೆಯನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು ಎಂಬುದು ಎಲ್ಲಿಯೂ ಇರಲಿಲ್ಲ. ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ. ಉರಿಯಲಿ.

ಅಕಿವಾಟದ ಹೊಳೆಯ ಕಡೆಯ ತುದಿಯಲ್ಲಿ ಕಲ್ಲವ್ವ ಎಂಬ ಅಜ್ಜಿಯ ಮನೆ. ಎರಡು ಎಮ್ಮೆ, ಅದರಲ್ಲಿ ಒಂದು ಗಬ್ಬ. ದೋಣಿ ಬಂತು. ಎಮ್ಮೆಗೆ ಜಾಗ ಎಲ್ಲಿ ಎಂದು ಅಜ್ಜಿ ಕೇಳಿದರು. ದೋಣಿಯವರಿಗೆ ಗೊತ್ತಿಲ್ಲ, ಪುಟಕ್ಕೂ ಗೊತ್ತಿಲ್ಲ. ಅಜ್ಜಿ ಹತ್ತಲಿಲ್ಲ, ಅಕ್ಕಪಕ್ಕದವರೂ ಹತ್ತಲಿಲ್ಲ. ಮೊದಲು ಮನುಷ್ಯ ಎಂದವರು ಕಳಿಸಿದ ದೋಣಿ ಒಬ್ಬ ಮನುಷ್ಯನೂ ಇಲ್ಲದೆ ಖಾಲಿ ಮರಳಿತು.

ಇದು ತಿಳಿದ ಅಮೋಲ ಗಡಹಿಂಗ್ಲಜದಿಂದ ಫೋನ್ ಮಾಡಿದರು. “ನೂತನಕ್ಕಾ, ಚಾಲೂ ಮಾಡು. ಬೈಸಿಕೊಳ್ಳೂದಿದ್ರ ಇಬ್ರೂ ಕೂಡೇ ಬೈಸಿಕೊಳ್ಳೂಣು.” ನೂತನ ಚಾಲೂ ಮಾಡಿದರು. ಬೇರೆ ವಿಳಾಸ ಹಿಡಿದು, ಛಾವಣಿಯವರಿಗೆಲ್ಲ ಫೋನ್ ಹಚ್ಚಿ, ಖಾಲಿ ಜಾಗ ತುಂಬಿ, ಊರ ವಾಟ್ಸಾಪಿನಲ್ಲಿ ಹರಿಬಿಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಒಂದು ಕ್ಷಣವೂ ಅದು ನಿಲ್ಲಲಿಲ್ಲ. ದನ ಹೊಡೆದುಕೊಂಡು ಓಣಿ ಓಣಿಯೇ ಎತ್ತರಕ್ಕೆ ಹೊರಟಿತು. ಆದರೆ ಕಲ್ಲವ್ವನ ಮನೆಯ ಕಡೆಯ ದಾರಿ ಅಷ್ಟೊತ್ತಿಗೆ ಮುಳುಗಿಹೋಗಿತ್ತು. ಛಾವಣಿಯಲ್ಲಿ ಜಾಗ ಇತ್ತು, ಹೋಗಲು ನೆಲ ಇರಲಿಲ್ಲ. ನೆರೆಯವರು ಎಮ್ಮೆಗಳ ಹಗ್ಗ ಕೊಯ್ದು, ಅಜ್ಜಿಯನ್ನು ಎತ್ತಿ ಮತ್ತೆ ಬಂದ ದೋಣಿಯಲ್ಲಿ ಕೂರಿಸಿದರು. ನೀರು ಇಳಿದ ಮೇಲೆ ಒಂದು ಎಮ್ಮೆ ಕಬ್ಬಿನ ಹೊಲದಲ್ಲಿ ಸಿಕ್ಕಿತು. ಗಬ್ಬಾದದ್ದು ಸಿಗಲಿಲ್ಲ.

ಮಂಡಳಿಯವರು ಏನು ಹೇಳಿದರು ಗೊತ್ತೇ? ವ್ಯವಸ್ಥೆ ಉತ್ತಮವಾಗಿಯೇ ಇತ್ತು, ನೆಟ್‌ವರ್ಕ್ ಸರಿ ಇರಲಿಲ್ಲ ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು. ಅದೇ ನೆಟ್‌ವರ್ಕಿನಲ್ಲಿ, ಅದೇ ಫೋನುಗಳಲ್ಲಿ ನೂತನ ಅವರ ಪುಟ ತೆರೆದದ್ದು ಹೇಗೆ ಎಂದು ನಾನು ಬಾಪೂಸಾಹೇಬರಿಗೆ ಫೋನ್ ಮಾಡಿ ಕೇಳಿದೆ. “ತಾಂತ್ರಿಕ ವಿಷಯ ನಿಮಗ ತಿಳಿಯಾಂಗಿಲ್ರಿ,” ಎಂದು ಇಟ್ಟರು. ಅಪ್ಪಣೆಯಿಲ್ಲದೆ ಮಂಡಳಿಯ ಕೆಲಸ ನಕಲು ಮಾಡಿದ್ದಾರೆ ಎಂದು ನೂತನ ಅವರಿಗೆ ವಕೀಲರ ನೋಟೀಸು ಕಳಿಸಿದ್ದಾರೆ. ಈ ವರ್ಷವೂ ಚಾಲೂ ಮಾಡಿದರೆ ಕೋರ್ಟಿಗೆ ಎಳೆಯುತ್ತಾರಂತೆ. ಹೊಸ ಪುಟದಲ್ಲಿ ದನದ ಭಾಗ ಇಂದಿಗೂ ಇಲ್ಲ. ಬಾಪೂಸಾಹೇಬರ ಭಾವಚಿತ್ರ ಇದೆ.

ಭಾನುವಾರ ನೂತನ ಅವರ ಸ್ಕೂಟರಿನ ಹಿಂದೆ ಕುಳಿತು ಅಕಿವಾಟಕ್ಕೆ ಹೋಗುತ್ತೇನೆ. ಮನೆಮನೆಗೆ ಹೋಗಿ ಹೊಸ ವಿಳಾಸವನ್ನು ಫೋನುಗಳಲ್ಲಿ ಕೂರಿಸಿಕೊಡುವುದು ಅವರ ಕೆಲಸ. ಕಲ್ಲವ್ವ ಹಟ್ಟಿಯ ಮುಂದೆ ಹಿಂಡಿ ನೆನೆಸುತ್ತಿದ್ದಾರೆ. ನೂತನ ಅವರನ್ನು ಕಂಡ ಕೂಡಲೇ ಬಾ ಎನ್ನುವುದಿಲ್ಲ, ಕೂಡು ಎನ್ನುವುದಿಲ್ಲ.

“ಯಾರೋ ಕೊಲ್ಲಾಪುರದಾಂವ ಬಂದ್ ಮಾಡಂದ, ನೀ ಮಾಡಿದಿ,” ಎನ್ನುತ್ತಾರೆ ನನ್ನ ಎದುರಿಗೇ. “ಅಂವಗೇನ ಎಮ್ಮಿ ಐತಿ? ನೀ ನಮ್ಮೂರ ಮಗಳ. ಬಂದ್ ಮಾಡೂ ಮುಂದ ನನ್ನ ಒಂದ ಮಾತ ಕೇಳಬೇಕಿತ್ತಿಲ್ಲ?”

ನೂತನ ತಲೆ ತಗ್ಗಿಸಿ ನಿಲ್ಲುತ್ತಾರೆ. “ಕೇಳಬೇಕಿತ್ತ, ಆಯಿ,” ಎನ್ನುತ್ತಾರೆ. ಅಜ್ಜಿ ಕೈ ತೊಳೆದು, ಸೆರಗಿಗೆ ಒರೆಸಿ, ಒಳಗಿನಿಂದ ಫೋನು ತಂದು ಕೊಡುತ್ತಾರೆ. ನೂತನ ಒತ್ತಿದ ಕೂಡಲೇ ಪುಟ ತೆರೆಯುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ. ದಪ್ಪ ಅಕ್ಷರದಲ್ಲಿ ಕನ್ನಡ, ಕೆಳಗೆ ಮರಾಠಿ: ಜನಾವರ ಎಷ್ಟು? ಹಳೆಯ ಪುಟದಲ್ಲಿ ತುಂಬಿದ್ದ ಸಂಖ್ಯೆ ಇಲ್ಲಿಯೂ ನಿಂತಿದೆ.

ಕಲ್ಲವ್ವ ಬಗ್ಗಿ ನೋಡುತ್ತಾರೆ. ಅಂಕಿ ಅವರಿಗೆ ಗೊತ್ತು.

“ಎರಡ ಐತಲ್ಲ. ಒಂದ ಮಾಡು.”

ನೂತನ ಎರಡನ್ನು ಅಳಿಸಿ ಒಂದು ಮಾಡುತ್ತಾರೆ, ಫೋನನ್ನು ಅಜ್ಜಿಯ ಕೈಗೆ ಕೊಡುತ್ತಾರೆ. ಅಂಗಳ ದಾಟಿ ಸ್ಕೂಟರಿನ ಹತ್ತಿರ ಬಂದಾಗ ನಾನು ಕೇಳುತ್ತೇನೆ, ನೋಟೀಸಿನ ವಿಷಯ ಇದೆಯಲ್ಲ, ಬರಹದಲ್ಲಿ ನಿಮ್ಮ ಹೆಸರು ಮರೆಸಲೇ ಎಂದು.

“ಹೆಸರ ಹಾಕ್ರಿ,” ಎನ್ನುತ್ತಾರೆ ನೂತನ. “ಊರ ಹಾಕ್ರಿ, ಗಲ್ಲಿನೂ ಹಾಕ್ರಿ. ಈ ಸಲ ಬಂದ್ ಮಾಡಾಂಗಿಲ್ಲಂತ ಬರೀರಿ. ಬಂದ್ ಮಾಡಸಾವ್ರ ಇಲ್ಲೀ ತನಾ ಬರಲಿ, ಕಲ್ಲವ್ವಾಯಿನ ಕೇಳಲಿ.”